ಹೊಡೆದ ಮೇಲೆ ನಿಲ್ಲುವಂತಿಲ್ಲ

120 ಮಿ.ಮೀ. ಮಾರ್ಟರ್‌ನಿಂದ ಹಾರಿದ ಬಾಂಬು ಏಳು ಕಿಲೋಮೀಟರ್ ಆಚೆ ಹೋಗಿ ಬೀಳಲು ಮುಕ್ಕಾಲು ನಿಮಿಷದ ಆಸುಪಾಸು ಬೇಕು. ಅಷ್ಟು ಹೊತ್ತೂ ಅದು ಆಕಾಶದಲ್ಲೇ ಇರುತ್ತದೆ. ಬಾಂಬು ಇನ್ನೂ ಮೇಲೇರುತ್ತಿರುವಾಗಲೇ ಎದುರಾಳಿಯ ರಾಡಾರ್ ಕಣ್ಣಿಗೆ ಬಿದ್ದರೆ, ಅದು ಎಲ್ಲಿ ಬೀಳಲಿದೆ ಎಂಬುದರ ಜೊತೆಗೆ ಎಲ್ಲಿಂದ ಎದ್ದಿತು ಎಂಬುದೂ ಲೆಕ್ಕಕ್ಕೆ ಸಿಕ್ಕಿತೆಂದೇ ಅರ್ಥ. ನೀವು ಹಾರಿಸಿದ್ದು ಶತ್ರುವನ್ನು ಮುಟ್ಟುವ ಮೊದಲೇ ನಿಮ್ಮ ವಿಳಾಸ ಅವನ ಫಿರಂಗಿ ಪಡೆಯ ಕೈ ಸೇರಿರುತ್ತದೆ. ಅಲ್ಲಿಂದ ಉತ್ತರ ಬರಲು ಕೆಲವೇ ನಿಮಿಷ ಸಾಕು. ಅಷ್ಟರಲ್ಲಿ ಜಾಗ ಖಾಲಿ ಮಾಡುವುದು ಹೇಗೆ ಎಂದು ಫಿನ್ಲೆಂಡ್, ಸ್ವೀಡನ್, ಪೋಲೆಂಡ್, ಇಸ್ರೇಲ್, ಅಮೆರಿಕ, ರಷ್ಯಾ ಎಲ್ಲವೂ ದಶಕಗಳಿಂದ ತಲೆ ಕೆಡಿಸಿಕೊಂಡಿವೆ. ಟೈರಿನ ಮೇಲೋ ಚೈನಿನ ಮೇಲೋ ಓಡಾಡುವ ಮಾರ್ಟರ್‌ಗಳು ಬಂದದ್ದು ಹಾಗೆ.

ಇಷ್ಟೆಲ್ಲ ಖರ್ಚು ಬೇಡುತ್ತಿರುವ ಮಾರ್ಟರ್ ಹುಟ್ಟಿದ್ದೇ ಬಡವರ ಫಿರಂಗಿಯಾಗಿ. ಮೊದಲ ಮಹಾಯುದ್ಧದಲ್ಲಿ ಸೈನಿಕರು ಕಂದಕಗಳೊಳಗೆ ಹುದುಗಿ ಕುಳಿತಾಗ ನೇರಕ್ಕೆ ಹೊಡೆಯುವ ಫಿರಂಗಿಗಳಿಂದ ಹೆಚ್ಚೇನೂ ಆಗುತ್ತಿರಲಿಲ್ಲ. ಮೇಲಿನಿಂದ ತಲೆಯ ಮೇಲೇ ಬೀಳುವಂಥದ್ದು ಬೇಕಿತ್ತು. ಇಂಗ್ಲೆಂಡಿನ ಇಪ್ಸ್‌ವಿಚ್‌ನಲ್ಲಿ ಕ್ರೇನು ತಯಾರಿಸುತ್ತಿದ್ದ ರಾನ್ಸಮ್ಸ್ ಅಂಡ್ ರೇಪಿಯರ್ ಕಂಪನಿಯ ಎಂಜಿನಿಯರ್ ವಿಲ್ಫ್ರೆಡ್ ಸ್ಟೋಕ್ಸ್ 1915ರಲ್ಲಿ ಮುಂದಿಟ್ಟದ್ದು ಒಂದು ನುಣುಪಾದ ಕೊಳವೆ, ಅದರ ತಳದಲ್ಲಿ ಒಂದು ಮೊಳೆ, ಆನಿಕೆಗೆ ಎರಡು ಕಾಲು, ನೆಲಕ್ಕೊಂದು ತಟ್ಟೆ. ಗೋದಾಮಿನಲ್ಲಿದ್ದ ಹಳೆಯ ಮದ್ದುಗುಂಡು ಇದಕ್ಕೆ ಹೊಂದುವುದಿಲ್ಲ ಎಂಬ ನೆಪದಲ್ಲಿ ಬ್ರಿಟಿಷ್ ಸೇನೆ ಮೊದಲು ಇದನ್ನು ತಳ್ಳಿಹಾಕಿತ್ತು. ಶಸ್ತ್ರಾಸ್ತ್ರ ಖಾತೆಯ ಸಚಿವರಾಗಿದ್ದ ಲಾಯ್ಡ್ ಜಾರ್ಜ್ ನಡುವೆ ಬಂದ ಮೇಲೆಯೇ ಕೆಲಸ ಮುಂದುವರಿದದ್ದು. (ಗೋದಾಮಿನ ಲೆಕ್ಕ ನೋಡಿ ಯುದ್ಧ ಮಾಡುವ ಚಾಳಿ ಯಾವ ದೇಶದ ಕಚೇರಿಗೂ ಹೊಸದಲ್ಲ.) ಮುಂದೆ ಫ್ರಾನ್ಸಿನ ಎಡ್ಗರ್ ಬ್ರಾಂಟ್ 1927ರ ಹೊತ್ತಿಗೆ ಅದಕ್ಕೆ ಬಾಲದ ರೆಕ್ಕೆಯಿರುವ ಬಾಂಬು ಜೋಡಿಸಿ ತಿದ್ದಿದ 81 ಮಿ.ಮೀ. ಮಾದರಿಯನ್ನು ಜಗತ್ತಿನ ಬಹುತೇಕ ಸೇನೆಗಳು ಕೊಂಡವು, ಇಲ್ಲವೇ ನಕಲು ಮಾಡಿದವು. ಇವತ್ತು ಪದಾತಿ ದಳದ ಜವಾನ ಹೊರುವ ಮಾರ್ಟರ್‌ನ ಮೂಲ ರೂಪ ಅದೇ.

ಅದನ್ನು ಹಾರಿಸುವ ಬಗೆಯನ್ನು ಹತ್ತಿರದಿಂದ ನೋಡಬೇಕು. ಬಾಂಬಿನ ಬಾಲದ ಸುತ್ತ ಮದ್ದಿನ ಸಣ್ಣ ಪೊಟ್ಟಣಗಳನ್ನು ಸಿಕ್ಕಿಸಿರುತ್ತಾರೆ. ಗುರಿ ಹತ್ತಿರವಿದ್ದರೆ ಕೆಲವನ್ನು ಕಿತ್ತು ಪಕ್ಕಕ್ಕಿಡುವುದು, ದೂರವಿದ್ದರೆ ಎಲ್ಲವನ್ನೂ ಉಳಿಸುವುದು. ಲೋಡರ್ ಬಾಂಬನ್ನು ಎರಡೂ ಕೈಯಲ್ಲಿ ಹಿಡಿದು, ಬಾಲದ ತುದಿಯನ್ನು ನಳಿಗೆಯ ಬಾಯೊಳಗೆ ಇಳಿಬಿಟ್ಟು, ಆಜ್ಞೆಗಾಗಿ ಕಾಯುತ್ತಾನೆ. ಆಜ್ಞೆ ಬಂದೊಡನೆ ಕೈ ಬಿಡಬೇಕು. ಬಿಟ್ಟ ಅಂಗೈಗಳನ್ನು ನಳಿಗೆಯ ಹೊರಮೈಗುಂಟ ಕೆಳಕ್ಕೆ ಜಾರಿಸುತ್ತಲೇ ತಲೆ ತಗ್ಗಿಸಬೇಕು. ಬಾಂಬು ತನ್ನ ಭಾರಕ್ಕೇ ಕೆಳಗಿಳಿದು ತಳದ ಮೊಳೆಗೆ ಬಡಿಯುತ್ತದೆ, ಮದ್ದು ಹೊತ್ತುತ್ತದೆ, ಇಳಿದ ದಾರಿಯಲ್ಲೇ ಮೇಲೆ ಹಾರುತ್ತದೆ. ಟ್ರಿಗರ್ ಇಲ್ಲ, ಹಿಂಬದಿಯಲ್ಲಿ ತೆರೆದು ಮುಚ್ಚುವ ಬಾಗಿಲಿಲ್ಲ. ಪಳಗಿದ ತಂಡ ನಿಮಿಷಕ್ಕೆ ಹದಿನೈದಕ್ಕೂ ಹೆಚ್ಚು ಬಾಂಬು ಬಿಡುವುದು ಇದರಿಂದಲೇ ಸಾಧ್ಯ.

ಅಪಾಯ ಇರುವುದೂ ಇಲ್ಲೇ. ಒಳಗಿಳಿದ ಬಾಂಬು ಸಿಡಿಯದೆ ಕುಳಿತದ್ದು ಗದ್ದಲದಲ್ಲಿ ಗೊತ್ತಾಗದೆ ಇನ್ನೊಂದನ್ನು ಇಳಿಬಿಟ್ಟರೆ ಮುಗಿಯಿತು. 2013ರ ಮಾರ್ಚ್‌ನಲ್ಲಿ ಅಮೆರಿಕದ ನೆವಾಡ ರಾಜ್ಯದ ಹಾಥಾರ್ನ್‌ನಲ್ಲಿ ರಾತ್ರಿ ತರಬೇತಿಯ ವೇಳೆ 60 ಮಿ.ಮೀ. ಮಾರ್ಟರ್ ಬಳಿಯೇ ಬಾಂಬು ಸಿಡಿದು ಏಳು ಮಂದಿ ಮೆರೀನ್ ಸೈನಿಕರು ಸತ್ತರು. ಹಾರಿಸುವ ಕ್ರಮ ತಪ್ಪಿದ್ದೇ ಕಾರಣ ಎಂದಿತು ತನಿಖೆ.

ಇನ್ನು ಬೇಸ್ ಪ್ಲೇಟು. ಬಾಂಬು ಮೇಲಕ್ಕೆ ಹಾರುವಾಗ ಅಷ್ಟೇ ಬಲದಿಂದ ನಳಿಗೆ ಕೆಳಕ್ಕೆ ಒದೆಯುತ್ತದೆ. ಆ ಒದೆತವನ್ನೆಲ್ಲ ನೆಲಕ್ಕೆ ದಾಟಿಸುವುದು ತಳದ ಈ ಉಕ್ಕಿನ ತಟ್ಟೆ. ಮೆದು ಮಣ್ಣಿನಲ್ಲಿ ಐದಾರು ಬಾಂಬು ಹಾರಿಸುವಷ್ಟರಲ್ಲಿ ಅದು ಹೂತುಹೋಗಿರುತ್ತದೆ. 81 ಮಿ.ಮೀ. ಮಾರ್ಟರ್ ಒಟ್ಟು ನಲವತ್ತು ಕಿಲೋ ಆಸುಪಾಸು. ಮೂರು ಭಾಗ ಮಾಡಿ ಮೂವರು ಹೊತ್ತು ನಡೆಯಬಹುದು. 120 ಮಿ.ಮೀ.ಯದ್ದು ಹಾಗಲ್ಲ. ಅದನ್ನು ಗಾಡಿಗೆ ಕಟ್ಟಿ ಎಳೆದು ತರಬೇಕು, ಇಳಿಸಬೇಕು, ಹೂಡಬೇಕು. ಕೆಲಸವಾದ ಮೇಲೆ ಹೂತ ತಟ್ಟೆಯನ್ನು ಹಾರೆ ಹಾಕಿ ಎಬ್ಬಿಸಿ ಮತ್ತೆ ಗಾಡಿಗೆ ಕಟ್ಟಬೇಕು. ರಾಡಾರ್ ಇಲ್ಲದ ಕಾಲದಲ್ಲಿ ಇದು ಬರೀ ಬೆವರಿನ ಕೆಲಸವಾಗಿತ್ತು. ಈಗ ಪ್ರಾಣಕ್ಕೆ ಬರುವ ಕೆಲಸ.

ಗಾಡಿ ಏರಿದ ಬಗೆ

ಮಾರ್ಟರನ್ನು ಗಾಡಿಗೆ ಹತ್ತಿಸುವ ಯೋಚನೆ ಎರಡನೇ ಮಹಾಯುದ್ಧದಷ್ಟು ಹಳೆಯದು. ಮುಂದೆ ಟೈರು, ಹಿಂದೆ ಚೈನು ಇರುವ ಹಾಫ್‌ಟ್ರ್ಯಾಕ್ ಗಾಡಿಗಳಲ್ಲಿ ಜರ್ಮನ್ನರೂ ಅಮೆರಿಕನ್ನರೂ 81 ಮಿ.ಮೀ. ವರ್ಗದ ಮಾರ್ಟರ್ ಇಟ್ಟು ಓಡಾಡಿದರು. ಅಮೆರಿಕದ ಮೊದಲ ಮಾದರಿ ಎಂ4ರಲ್ಲಿ ನಳಿಗೆ ಹಿಂದಕ್ಕೆ ಮುಖ ಮಾಡಿತ್ತು. ನೆಲಕ್ಕಿಳಿಸಿಯೇ ಹೊಡೆಯಬೇಕು, ತುರ್ತಾದರೆ ಮಾತ್ರ ಗಾಡಿಯಿಂದ ಎಂಬುದು ಆಗಿನ ಲೆಕ್ಕ. ಇಳಿಸುವಷ್ಟು ವ್ಯವಧಾನ ಯುದ್ಧದಲ್ಲಿ ಯಾರಿಗಿತ್ತು? ಮುಂದಕ್ಕೆ ಹೊಡೆಯುವ ಎಂ21 ಬಂದದ್ದು ಹಾಗೆ. ಆದರೆ ಅಂಥವು ತಯಾರಾದದ್ದು 110 ಮಾತ್ರ. ವಿಯೆಟ್ನಾಂ ಯುದ್ಧದ ಹೊತ್ತಿಗೆ ಅದೇ ಅಮೆರಿಕನ್ನರು ಎಂ113 ಗಾಡಿಯ ಚಾವಣಿಗೆ ದೊಡ್ಡ ಬಾಗಿಲು ಕೊರೆದು, ಒಳಗೆ ತಿರುಗುವ ತಟ್ಟೆಯ ಮೇಲೆ 81 ಮತ್ತು 107 ಮಿ.ಮೀ. ಮಾರ್ಟರ್ ಕೂರಿಸಿದ್ದರು. ಬ್ರಿಟನ್ನಿನ ಎಫ್‌ವಿ432 ಗಾಡಿಯದೂ ಅದೇ ಕಥೆ.

ಸೋವಿಯತ್ ಒಕ್ಕೂಟ ಹಿಡಿದದ್ದು ಬೇರೆ ದಾರಿ. ವಿಮಾನದಿಂದ ಧುಮುಕುವ ಪಡೆಗಳಿಗಾಗಿ ರೂಪಿಸಿದ 2ಎಸ್9 ನೋನಾದಲ್ಲಿ ಮುಚ್ಚಿದ ಗೋಪುರದೊಳಗೆ 120 ಮಿ.ಮೀ. ಆಯುಧವಿದೆ, ಬಾಂಬನ್ನು ಹಿಂದಿನಿಂದ ತುಂಬುತ್ತಾರೆ. 1980ರ ದಶಕದಲ್ಲಿ ಅದು ಅಫ್ಘಾನಿಸ್ತಾನದ ಕಣಿವೆಗಳನ್ನು ಕಂಡಿತು. ಅದೇ ಸೋವಿಯತ್ ಕಾರ್ಖಾನೆಗಳಿಂದ ಬಂದ 2ಎಸ್4 ತ್ಯುಲ್ಪಾನ್ ದೈತ್ಯ ಜಾತಿಯದು. 240 ಮಿ.ಮೀ. ನಳಿಗೆ, ಒಂದೊಂದು ಬಾಂಬು 130 ಕಿಲೋ. ನಳಿಗೆಯನ್ನು ಗಾಡಿಯ ಹಿಂದಕ್ಕೆ ಇಳಿಸಿ ತಟ್ಟೆಯನ್ನು ನೆಲಕ್ಕೆ ಊರಿ ಹೊಡೆಯುತ್ತದೆ, ನಿಮಿಷಕ್ಕೆ ಒಂದರ ಲೆಕ್ಕದಲ್ಲಿ. ಚೆಚೆನ್ಯಾದಲ್ಲಿ, ಆಮೇಲೆ ಪೂರ್ವ ಉಕ್ರೇನಿನಲ್ಲಿ ಕಾಂಕ್ರೀಟ್ ಕಟ್ಟಡಗಳನ್ನು ನೆಲಮಾಳಿಗೆಯವರೆಗೆ ಸೀಳಿದ್ದು ಇದೇ.

120 ಮಿ.ಮೀ. ಮಾರ್ಟರ್ ಪೂರ್ಣ ಮದ್ದಿನಲ್ಲಿ ಹಾರಿದಾಗ ಹತ್ತಾರು ಟನ್ನಿನ ಒದೆತ ಗಾಡಿಯ ತಳಕ್ಕೆ ಬೀಳುತ್ತದೆ. ಭಾರಿ ಶಸ್ತ್ರಸಜ್ಜಿತ ಗಾಡಿ ಅದನ್ನು ತಡೆದುಕೊಳ್ಳುತ್ತದೆ, ಜೀಪು ತಡೆಯದು. ಇಸ್ರೇಲಿನ ಸೋಲ್ಟಂ ಕಂಪನಿ (2010ರಿಂದ ಎಲ್ಬಿಟ್‌ನ ಪಾಲು) ಫಿರಂಗಿಗಿರುವಂತೆ ಮಾರ್ಟರ್‌ಗೂ ಒದೆತ ಹೀರುವ ಸಿಲಿಂಡರ್ ಜೋಡಿಸಿ, ಕಂಪ್ಯೂಟರ್ ಹೇಳಿದತ್ತ ನಳಿಗೆ ತಾನೇ ತಿರುಗುವಂತೆ ಮಾಡಿತು. ಅಮೆರಿಕದ ಎಂಟು ಚಕ್ರದ ಸ್ಟ್ರೈಕರ್ ಗಾಡಿಯ ಮಾರ್ಟರ್ ಮಾದರಿ ಎಂ1129ರಲ್ಲಿರುವುದು ಸೋಲ್ಟಂ ಮೂಲದ ಆಯುಧವೇ. ಸ್ಪೇನಿನ ಅಲಕ್ರಾನ್ ಇನ್ನೂ ಸರಳ: ಪಿಕಪ್ ಗಾತ್ರದ ಗಾಡಿಯ ಹಿಂದೆ ಒಂದು ತೋಳು, ಹೊಡೆಯುವ ಹೊತ್ತಿಗೆ ಅದು ನಳಿಗೆಯನ್ನೂ ತಟ್ಟೆಯನ್ನೂ ನೆಲಕ್ಕೆ ಇಳಿಸುತ್ತದೆ, ಒದೆತ ನೆಲಕ್ಕೇ ಹೋಗುತ್ತದೆ, ಮುಗಿದೊಡನೆ ತೋಳು ಎತ್ತಿಕೊಂಡು ಗಾಡಿ ಹೊರಡುತ್ತದೆ. ಉಕ್ರೇನಿನಲ್ಲಿ ಇದು ಬಳಕೆಯಲ್ಲಿದೆ. ಕಡಿಮೆ ಕಾಸಿಗೆ ಹೆಚ್ಚು ಕೆಲಸ ಮಾಡುವ ಜಾಣತನ ಈ ಮಾದರಿಯಲ್ಲಿದೆ ಎಂಬುದು ನನ್ನ ಅನಿಸಿಕೆ.

ದುಬಾರಿ ತುದಿಯಲ್ಲಿರುವುದು ಫಿನ್ಲೆಂಡ್ ಮತ್ತು ಸ್ವೀಡನ್ ಒಟ್ಟಾಗಿ ರೂಪಿಸಿದ ಆಮೋಸ್. ಮುಚ್ಚಿದ ಗೋಪುರ, ಅದರಲ್ಲಿ ಜೋಡಿ ನಳಿಗೆ. ಸ್ವೀಡನ್ ಇದಕ್ಕೆಂದೇ ಸಿವಿ90 ಗಾಡಿಯ 40 ಒಡಲುಗಳನ್ನು ಮೊದಲೇ ಕೊಂಡಿಟ್ಟಿತು. ಆಮೇಲೆ ದುಡ್ಡಿನ ಲೆಕ್ಕ ಕೂಡದೆ ಯೋಜನೆಯನ್ನೇ ಕೈಬಿಟ್ಟಿತು. ತಲೆಯಿಲ್ಲದ ನಲವತ್ತು ಮುಂಡಗಳು ವರ್ಷಗಟ್ಟಲೆ ಗೋದಾಮಿನಲ್ಲಿ ಕುಳಿತವು. 2014ರಲ್ಲಿ ರಷ್ಯಾ ಕ್ರಿಮಿಯಾವನ್ನು ನುಂಗಿದ ಮೇಲೆ ಸ್ಟಾಕ್‌ಹೋಮ್‌ಗೆ ಅವುಗಳ ನೆನಪಾಯಿತೆನ್ನಬೇಕು. 2016ರ ಕೊನೆಯಲ್ಲಿ ಹೆಗ್ಲುಂಡ್ಸ್ ಕಂಪನಿಗೆ, ಅದೇ ಒಡಲುಗಳ ಮೇಲೆ ಸರಳವಾದ ಜೋಡಿ ನಳಿಗೆಯ ಗೋಪುರ ಕೂರಿಸುವ ಗುತ್ತಿಗೆ ಸಿಕ್ಕಿತು. ಮ್ಯೋಲ್ನರ್ ಎಂಬ ಈ ಗಾಡಿಯಲ್ಲಿ ನಾಲ್ವರ ತಂಡ, 104 ಬಾಂಬು. ಮೊದಲ ನಾಲ್ಕು ಬಾಂಬು ಆರು ಸೆಕೆಂಡಿನಲ್ಲಿ ಹಾರುತ್ತವೆ.

ಆರು ಸೆಕೆಂಡಿಗೆ ಏಕೆ ಇಷ್ಟು ಮಹತ್ವ? ಮೊದಲ ಬಾಂಬು ಬಿದ್ದಾಗ ಬಯಲಲ್ಲಿ ನಿಂತಿರುವವರು ಎರಡನೆಯದು ಬೀಳುವಷ್ಟರಲ್ಲಿ ನೆಲಕ್ಕೆ ಅಪ್ಪಿರುತ್ತಾರೆ, ಮೂರನೆಯದರ ಹೊತ್ತಿಗೆ ಗುಂಡಿಯಲ್ಲಿರುತ್ತಾರೆ. ಆಗುವ ಹಾನಿಯೆಲ್ಲ ಮೊದಲ ಕ್ಷಣಗಳಲ್ಲೇ. ಆದ್ದರಿಂದ ಆಮೋಸ್, ಅದರ ಒಂಟಿ ನಳಿಗೆಯ ರೂಪವಾದ ನೆಮೋದಂಥ ಗೋಪುರಗಳಿಗೆ ಇನ್ನೊಂದು ವಿದ್ಯೆಯನ್ನೂ ಕಲಿಸಿದ್ದಾರೆ: ಮೊದಲ ಬಾಂಬನ್ನು ತೀರ ಎತ್ತರಕ್ಕೆ, ಮುಂದಿನವನ್ನು ಕೋನವನ್ನೂ ಮದ್ದನ್ನೂ ಬದಲಿಸಿ ಸ್ವಲ್ಪ ಸ್ವಲ್ಪ ತಗ್ಗಿನಲ್ಲಿ. ಒಂದರ ಹಿಂದೊಂದು ಹೊರಟವು ಒಟ್ಟಿಗೇ ಬಂದು ಬೀಳುತ್ತವೆ. ಮೊದಲನೆಯದು ನೆಲ ಮುಟ್ಟುವ ಮುಂಚೆಯೇ ಗಾಡಿ ಗೇರಿಗೆ ಬಿದ್ದಿರುತ್ತದೆ. ಫಿನ್ಲೆಂಡಿನ ಪಾಟ್ರಿಯಾ ಕಂಪನಿ ನೆಮೋವನ್ನು ದೋಣಿಯ ಮೇಲೂ ಕೂರಿಸಿತು; 2017ರಲ್ಲಿ ಅಬುಧಾಬಿಯ ಪ್ರದರ್ಶನದಲ್ಲಿ ಬಂದರುಗಳಲ್ಲಿ ಕಾಣುವ ಇಪ್ಪತ್ತಡಿ ಕಂಟೇನರ್‌ನೊಳಗೆ ಅಡಗಿಸಿಯೂ ತೋರಿಸಿತು.

ಆದರೆ ಇವೆಲ್ಲಕ್ಕಿಂತ ಪೋಲೆಂಡ್ ಕೊಂಡ ಬಗೆ ನನಗೆ ಹೆಚ್ಚು ಬುದ್ಧಿವಂತಿಕೆಯದಾಗಿ ಕಂಡಿದೆ. ಹೂಟಾ ಸ್ಟಲೋವಾ ವೋಲಾ ಕಾರ್ಖಾನೆಯ ರಾಕ್ ಎಂಬ 120 ಮಿ.ಮೀ. ಗೋಪುರ ಎಂಟು ಚಕ್ರದ ರೋಸೋಮಾಕ್ ಗಾಡಿಯ ಮೇಲಿದೆ. ಬಾಂಬು ಹಿಂದಿನಿಂದ ತಾನೇ ತುಂಬಿಕೊಳ್ಳುತ್ತದೆ, ಸಿಪಾಯಿ ಹೊರಗೆ ತಲೆ ಹಾಕಬೇಕಿಲ್ಲ. 2016ರ ಒಪ್ಪಂದದಲ್ಲಿ ಪೋಲೆಂಡ್ ಕೇಳಿದ್ದು 64 ರಾಕ್‌ಗಳ ಜೊತೆಗೆ 32 ನಿರ್ದೇಶನಾ ಗಾಡಿಗಳನ್ನು. ಎರಡು ಮಾರ್ಟರ್‌ಗೆ ಒಂದರಂತೆ, ಎಲ್ಲಿಗೆ ಹೊಡೆಯಬೇಕು ಎಂದು ಹೇಳುವ ಗಾಡಿ. ಆಯುಧಮೇಳಗಳಲ್ಲಿ ಫೋಟೊ ತೆಗೆಸಿಕೊಳ್ಳುವುದು ಗೋಪುರವೇ. ಆದರೆ ಗುರಿಯ ಸುದ್ದಿ ತಡವಾದರೆ ಆರು ಸೆಕೆಂಡಿಗೆ ನಾಲ್ಕು ಬಾಂಬು ಬಿಟ್ಟು ಏನು ಉಪಯೋಗ?

ಬೆಂಗಳೂರಿನ ಕಣ್ಣು

ಬಾಂಬನ್ನು ನೋಡಿ ಮಾರ್ಟರನ್ನು ಹಿಡಿಯುವ ವಿದ್ಯೆ ಕ್ರಿಕೆಟ್ ಆಡಿದವರಿಗೆ ಅರ್ಥವಾಗುತ್ತದೆ. ಬ್ಯಾಟಿನಿಂದ ಎತ್ತರಕ್ಕೆ ಎದ್ದ ಚೆಂಡಿನ ಮೊದಲ ಏರನ್ನು ನೋಡಿಯೇ ಫೀಲ್ಡರ್ ಅದು ಬೀಳುವ ಜಾಗಕ್ಕೆ ಓಡುತ್ತಾನೆ. ರಾಡಾರ್ ಅದನ್ನೇ ಹಿಂದುಮುಂದಾಗಿ ಮಾಡುತ್ತದೆ: ಏರಿನ ಕೆಲವು ಬಿಂದುಗಳನ್ನು ಹಿಡಿದು ಬ್ಯಾಟು ಎಲ್ಲಿತ್ತು ಎಂದು ಹೇಳುತ್ತದೆ. ಮಾರ್ಟರ್ ಬಾಂಬು ಎತ್ತರಕ್ಕೆ ಹೋಗುತ್ತದೆ, ನಿಧಾನವಾಗಿ ಹೋಗುತ್ತದೆ. ತಗ್ಗಿನಲ್ಲಿ ವೇಗವಾಗಿ ಹಾಯುವ ಫಿರಂಗಿ ಷೆಲ್‌ಗಿಂತ ಹಿಡಿಯುವುದು ಸುಲಭ. ಗುಡ್ಡದ ಹಿಂದೆ ಅಡಗಿ ಹೊಡೆಯಲು ಅನುಕೂಲವಾದ ಆ ಎತ್ತರದ ಹಾದಿಯೇ ಗುಟ್ಟನ್ನು ರಟ್ಟು ಮಾಡುತ್ತದೆ.

1999ರಲ್ಲಿ ಕಾರ್ಗಿಲ್‌ನಲ್ಲಿ ಭಾರತಕ್ಕೆ ಇಂಥ ರಾಡಾರ್ ಇರಲಿಲ್ಲ, ಪಾಕಿಸ್ತಾನದ ಬಳಿ ಅಮೆರಿಕದಿಂದ ಬಂದದ್ದಿತ್ತು. ಆಮೇಲೆ, 2002ರಲ್ಲಿ, ನಾವೂ ಅಮೆರಿಕದ ರಾಡಾರ್‌ಗಳಿಗೆ ಒಪ್ಪಂದ ಮಾಡಿಕೊಂಡೆವು. ಆ ಹೊತ್ತಿಗೆ ಇತ್ತ ಇನ್ನೊಂದು ಕೆಲಸ ನಡೆದಿತ್ತು. ಬೆಂಗಳೂರಿನ ಡಿಆರ್‌ಡಿಒ ಪ್ರಯೋಗಾಲಯ ಎಲ್‌ಆರ್‌ಡಿಇ, ಆಕಾಶ್ ಕ್ಷಿಪಣಿಗಾಗಿ ರಾಜೇಂದ್ರ ಎಂಬ ರಾಡಾರ್ ಮಾಡಿತ್ತು. ಒಡಿಶಾದ ಚಾಂದಿಪುರದಲ್ಲಿ ಅದರ ಪರೀಕ್ಷೆ ನಡೆಯುವಾಗ ಪಕ್ಕದ ವಲಯದಲ್ಲಿ ಫಿರಂಗಿಗಳ ಪರೀಕ್ಷೆಯೂ ನಡೆಯುತ್ತಿತ್ತು. ವಿಮಾನ ಹುಡುಕಬೇಕಾದ ರಾಜೇಂದ್ರ, ಹಾರುತ್ತಿದ್ದ ಷೆಲ್‌ಗಳನ್ನೂ ಹಿಂಬಾಲಿಸಿತು. ಆ ಎಳೆ ಹಿಡಿದು ಬೆಳೆದದ್ದು ಸ್ವಾತಿ. ತಯಾರಕರು ಬೆಂಗಳೂರಿನ ಬಿಇಎಲ್. ತಾತ್ರಾ ಟ್ರಕ್ಕಿನ ಮೇಲೆ ನಿಲ್ಲುವ ಸ್ವಾತಿ ಮಾರ್ಟರ್ ಬಾಂಬನ್ನು 20 ಕಿ.ಮೀ., ಫಿರಂಗಿ ಷೆಲ್ಲನ್ನು 30 ಕಿ.ಮೀ., ರಾಕೆಟ್ಟನ್ನು 40 ಕಿ.ಮೀ.ವರೆಗೆ ಪತ್ತೆ ಹಚ್ಚುತ್ತದೆ. 2017ರಲ್ಲಿ ಸೇನೆಗೆ ವಿಧ್ಯುಕ್ತವಾಗಿ ಹಸ್ತಾಂತರವಾಯಿತು. 2020ರಲ್ಲಿ ಅರ್ಮೇನಿಯ ನಾಲ್ಕನ್ನು ಕೊಳ್ಳಲು ಮುಂದಾಯಿತು. 2023ರ ಮಾರ್ಚ್‌ನಲ್ಲಿ ಭಾರತೀಯ ಸೇನೆಯೇ ಬಯಲು ಸೀಮೆಗೆಂದು ಇನ್ನೂ 12ಕ್ಕೆ 990 ಕೋಟಿ ರೂಪಾಯಿಗೂ ಹೆಚ್ಚಿನ ಬೇಡಿಕೆ ಕೊಟ್ಟಿತು. ಮಾರ್ಟರ್ ತಂಡವನ್ನು ಗಾಡಿ ಹತ್ತಿಸುತ್ತಿರುವ ಭಯಕ್ಕೆ ನಮ್ಮೂರಿನ ಪಾಲೂ ಸೇರಿದೆ ಎನ್ನಲು ಅಡ್ಡಿಯಿಲ್ಲ.

ಹೊಡೆದು ಮಾಯವಾಗುವ ಉಪಾಯ ಸೇನೆಗಳ ಸ್ವತ್ತೇನೂ ಅಲ್ಲ. 1991ರ ಫೆಬ್ರುವರಿ 7ರಂದು ಹಿಮ ಸುರಿಯುತ್ತಿದ್ದ ಲಂಡನ್ನಿನ ವೈಟ್‌ಹಾಲ್‌ನಲ್ಲಿ ಒಂದು ಬಿಳಿ ಫೋರ್ಡ್ ಟ್ರಾನ್ಸಿಟ್ ವ್ಯಾನು ಬಂದು ನಿಂತಿತು. ಅದರ ಚಾವಣಿಯಲ್ಲಿ ಕಂಡಿ ಕೊರೆದು ಐರಿಷ್ ಸಂಘಟನೆ ಐಆರ್‌ಎಯ ಉಗ್ರರು ಒಳಗೆ ಕೈಯಾರೆ ತಯಾರಿಸಿದ ಮೂರು ಮಾರ್ಟರ್ ಹೂಡಿದ್ದರು. ಕೊಲ್ಲಿ ಯುದ್ಧದ ಬಗ್ಗೆ ಪ್ರಧಾನಿ ಜಾನ್ ಮೇಜರ್ ಸಂಪುಟದ ಸಹೋದ್ಯೋಗಿಗಳ ಸಭೆ ನಡೆಸುತ್ತಿದ್ದಾಗ ಒಂದು ಬಾಂಬು 10, ಡೌನಿಂಗ್ ಸ್ಟ್ರೀಟಿನ ಹಿತ್ತಲ ತೋಟದಲ್ಲೇ ಸಿಡಿಯಿತು. ಉಳಿದೆರಡು ಗುರಿ ದಾಟಿ ಬಿದ್ದವು. ಸಚಿವರಿಗೆ ಏನೂ ಆಗಲಿಲ್ಲ. ಚಾಲಕ ಆಗಲೇ ಜಾಗ ಬಿಟ್ಟಿದ್ದ. ವ್ಯಾನು ತಾನೇ ಹೊತ್ತಿಕೊಂಡು ಸುಟ್ಟುಹೋಯಿತು.

ಡ್ರೋನ್ ಬಂದ ಮೇಲೆ

ಇಷ್ಟೆಲ್ಲ ಲೆಕ್ಕ ನಿಂತಿರುವುದು ಶತ್ರುವಿಗೆ ಕಾಣುವುದು ಬಾಂಬು, ಗಾಡಿಯಲ್ಲ ಎಂಬ ನಂಬಿಕೆಯ ಮೇಲೆ. ಹೊಡೆದ ಜಾಗದಿಂದ ಐನೂರು ಮೀಟರ್ ಸರಿದರೆ ಪ್ರತಿದಾಳಿಯ ಷೆಲ್ಲು ಖಾಲಿ ನೆಲಕ್ಕೆ ಬೀಳುತ್ತಿತ್ತು. ಉಕ್ರೇನಿನಲ್ಲಿ ಈ ನಂಬಿಕೆ ಅಲುಗಾಡಿದೆ. ಮೇಲೆ ಸುತ್ತುವ ಡ್ರೋನ್‌ಗೆ ಬಾಂಬಿನ ಹಾದಿ ಬೇಕಿಲ್ಲ, ಗಾಡಿಯೇ ಕಾಣುತ್ತದೆ. ಗಾಡಿ ಓಡಿದರೆ ಅದೂ ಹಿಂದೆಯೇ ಓಡುತ್ತದೆ. 2022ರ ಮೇ ತಿಂಗಳಲ್ಲಿ ರುಬಿಝ್ನೆ ಬಳಿ ರಷ್ಯಾದ ಒಂದು ತ್ಯುಲ್ಪಾನ್ ಮದ್ದುಗುಂಡಿನ ಸಮೇತ ಸಿಡಿದುಹೋಗುವ ದೃಶ್ಯವನ್ನು ಉಕ್ರೇನ್ ಆಕಾಶದಿಂದಲೇ ಚಿತ್ರಿಸಿ ಹಂಚಿತು. ಗುಂಡಿ ತೋಡಿ, ಮರದ ಕೆಳಗೆ ಬಲೆ ಹೊದೆಸಿ ಇಟ್ಟ ಹಳೆಯ ನೆಲದ ಮಾರ್ಟರ್ ಕೆಲವೊಮ್ಮೆ ಕೋಟಿಗಟ್ಟಲೆ ಬೆಲೆಯ ಗಾಡಿಗಿಂತ ಹೆಚ್ಚು ದಿನ ಬದುಕುತ್ತದೆ. ಹಾಗೆಂದು ಗಾಡಿಯ ಕಾಲ ಮುಗಿಯಿತು ಎನ್ನುವವರ ಮಾತನ್ನು ನಾನು ಒಪ್ಪುವುದಿಲ್ಲ. ರಾಡಾರ್‌ನಿಂದ ಬರುವ ಅಪಾಯವೇನೂ ಹೋಗಿಲ್ಲ, ಅದರ ಮೇಲೆ ಇನ್ನೊಂದು ಸೇರಿದೆ ಅಷ್ಟೆ. ಕೊಳ್ಳುವವರೂ ನಿಂತಿಲ್ಲ: ಉಕ್ರೇನಿಗೆ ರಾಕ್‌ಗಳನ್ನು ಕೊಡುವುದಾಗಿ ಪೋಲೆಂಡ್ 2023ರಲ್ಲಿ ಪ್ರಕಟಿಸಿತು, ಅದೇ ವರ್ಷ ಸ್ವೀಡನ್ ಇನ್ನೂ 20 ಮ್ಯೋಲ್ನರ್‌ಗಳಿಗೆ ಬೇಡಿಕೆ ಕೊಟ್ಟಿತು.

ನಮ್ಮ ಸೇನೆಯಲ್ಲೂ ಗಾಡಿ ಮೇಲಿನ ಮಾರ್ಟರ್ ಹೊಸದಲ್ಲ. ಪದಾತಿ ದಳವನ್ನು ಹೊತ್ತೊಯ್ಯುವ ಬಿಎಂಪಿ-2 ಗಾಡಿಯ ಗೋಪುರ ಕಿತ್ತು ಒಳಗೆ 81 ಮಿ.ಮೀ. ಮಾರ್ಟರ್ ಇಟ್ಟ ಚೈನು ಗಾಡಿಯನ್ನು ಚೆನ್ನೈ ಹತ್ತಿರದ ಆವಡಿಯ ಡಿಆರ್‌ಡಿಒ ಪ್ರಯೋಗಾಲಯ ಸಿವಿಆರ್‌ಡಿಇ ರೂಪಿಸಿತು, ತೆಲಂಗಾಣದ ಮೇದಕ್ ಕಾರ್ಖಾನೆ ತಯಾರಿಸಿತು. ಒಳಗೆ 108 ಬಾಂಬು, ಐದು ಕಿಲೋಮೀಟರ್ ವ್ಯಾಪ್ತಿ. ಮರುಭೂಮಿಯಲ್ಲಿ, ಪಂಜಾಬಿನ ಬಯಲಲ್ಲಿ ಟ್ಯಾಂಕುಗಳ ಜೊತೆ ಓಡಲು ಅದು ಸರಿ. ಚೈನು ಗಾಡಿ ಹತ್ತಲಾರದ ಬೆಟ್ಟದ ಠಾಣೆಗಳಲ್ಲಿ ಬೆನ್ನ ಮೇಲಿನ 81 ಮಿ.ಮೀ. ಮಾರ್ಟರ್‌ಗೆ ಬದಲಿಯಿಲ್ಲ. ಈ ಎರಡರ ನಡುವಿನ ಜಾಗ ಲಡಾಖಿನ ಎತ್ತರದ ಬಯಲು: ರಸ್ತೆಯಿದೆ, ಬಯಲಿದೆ, ಮರೆಗೆ ಮರವಿಲ್ಲ. 2021ರ ಮಾರ್ಚ್‌ನಲ್ಲಿ ಸೇನೆ ಮಹೀಂದ್ರದಿಂದ 1,056 ಕೋಟಿ ರೂಪಾಯಿಗೆ 1,300 ಹಗುರ ಯುದ್ಧವಾಹನಗಳನ್ನು ಕೊಳ್ಳಲು ಸಹಿ ಹಾಕಿತು. ಆ ಗಾತ್ರದ ಗಾಡಿಗೆ ಹೊಂದುವುದು ಅಲಕ್ರಾನ್ ಜಾತಿಯ ತೋಳು ಅಥವಾ ಒದೆತ ಹೀರುವ ಮಾರ್ಟರ್, ಆಮೋಸ್‌ನಂಥ ಗೋಪುರವಲ್ಲ.

ಯಾವ ಗಾಡಿಯಾದರೂ ಹೊಟ್ಟೆ ತುಂಬಿಸುವ ಸಮಸ್ಯೆ ಒಂದೇ. ನಿಮಿಷಕ್ಕೆ 16ರಂತೆ ಬಿಡುತ್ತ ಹೋದರೆ ಮ್ಯೋಲ್ನರ್ ಹೊತ್ತ 104 ಬಾಂಬು ಏಳು ನಿಮಿಷಕ್ಕೆ ಖಾಲಿ. ಒಂದೊಂದು ಬಾಂಬು ಹದಿಮೂರು ಕಿಲೋ ಎಂದು ಹಿಡಿದರೂ ಒಂದೂಕಾಲು ಟನ್ನಿಗೆ ಮೀರಿದ ಸರಕು. ಅದನ್ನು ಹಿಂದಿನಿಂದ ಯಾರೋ ತಂದು, ಪೆಟ್ಟಿಗೆ ಒಡೆದು, ಒಂದೊಂದನ್ನೇ ಕೈಯಿಂದ ಒಳಗೆ ದಾಟಿಸಬೇಕು. ಆ ಕೆಲಸ ಏಳು ನಿಮಿಷದಲ್ಲಿ ಮುಗಿಯುವುದಿಲ್ಲ, ಅಷ್ಟು ಹೊತ್ತು ಎರಡೂ ಗಾಡಿ ಒಂದೇ ಕಡೆ ನಿಂತಿರಬೇಕು. ಸರಕು ತರುವುದು ಬಹಳಷ್ಟು ಸೇನೆಗಳಲ್ಲಿ ಇಂದಿಗೂ ಕವಚವಿಲ್ಲದ ಸಾದಾ ಲಾರಿ.